ಎರಡು ಚಿಕ್ಕ ಮಕ್ಕಳು, ಮೂರೇ ದಿನ ರಜೆ: ಹುಬ್ಬಳ್ಳಿಯಿಂದ ಯಾವ ದ್ವೀಪಕ್ಕೆ ಹೋಗೋಣ?

ನವನಗರದ ಅಕ್ಕ
ಎಲ್ಲರಿಗೂ ನಮಸ್ಕಾರ ರೀ. ದಸರಾ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಯಾವುದಾದರೂ ದ್ವೀಪಕ್ಕೆ ಹೋಗಿಬರಬೇಕು ಅಂತ ಇದ್ದೇವೆ. ದೊಡ್ಡವನು ಒಂದನೇ ಕ್ಲಾಸು, ಸಣ್ಣವಳಿಗೆ ಎರಡೂವರೆ ವರ್ಷ. ಜೊತೆಗೆ ನಮ್ಮ ಅತ್ತೆ. ಅವರಿಗೆ ಮೊಣಕಾಲು ನೋವು.

ದ್ವೀಪವೇ ಯಾಕೆ ಅಂದರೆ, ಶಾಲೆಯಲ್ಲಿ "ಸುತ್ತಲೂ ನೀರು, ನಡುವೆ ನೆಲ" ಅಂತ ಹೇಳಿಕೊಟ್ಟ ದಿನದಿಂದ ಮಗನಿಗೆ ಅದೇ ಗುಂಗು. ತಾಟಿನಲ್ಲಿ ಅನ್ನದ ಗುಡ್ಡೆ ಮಾಡಿ, ಸುತ್ತ ಸಾರು ಹಾಕಿಸಿಕೊಂಡು, ಮೇಲೊಂದು ಕರಿಬೇವಿನ ಎಲೆ ಚುಚ್ಚಿ "ತೆಂಗಿನ ಮರ" ಅನ್ನುತ್ತಾನೆ. ಊಟ ಮಾತ್ರ ಮುಗಿಯಲ್ಲ.

ನಮ್ಮ ಯಜಮಾನರು ಅಂಡಮಾನ್ ಅಂತ ಹಟ ಹಿಡಿದಿದ್ದಾರೆ. ನನಗೆ ಅಷ್ಟು ದೂರ ಬೇಡ. ಸ್ವಂತ ಕಾರು ಇದೆ. ಖರ್ಚು ಮೂವತ್ತು ಸಾವಿರದ ಒಳಗೆ ಆಗಬೇಕು. ನಾವು ಮೀನು, ಮಾಂಸ ತಿನ್ನಲ್ಲ. ಚಿಕ್ಕ ಮಕ್ಕಳ ಜೊತೆ ಹೋಗಿ ಬಂದವರು ಹೇಳಿ. ಸುಮ್ನೆ ಗೂಗಲ್ ನೋಡಿ ಹೇಳಬೇಡಿ, ಅದನ್ನು ನಾನೂ ನೋಡಿದ್ದೇನೆ.

ಮಿರ್ಚಿಭಜಿ
ಉಣಕಲ್ ಕೆರೆ. ನಡುವೆ ವಿವೇಕಾನಂದರ ಮೂರ್ತಿ ಇದೆ, ಸುತ್ತಲೂ ನೀರು ಇದೆ. ಸಿಟಿ ಬಸ್ ಹೋಗುತ್ತೆ. ಉಳಿದ ದುಡ್ಡಲ್ಲಿ ಗಿರ್ಮಿಟ್ ತಿನ್ನಿ.

ನವನಗರದ ಅಕ್ಕ
ಅಣ್ಣಾ, ಅದನ್ನೂ ತೋರಿಸಿಯಾಯಿತು. "ಇದಕ್ಕೆ ಬೋಟಲ್ಲಿ ಹೋಗಿ ಇಳಿಯೋದು ಎಲ್ಲಿ?" ಅಂತ ಕೇಳಿದ.

ಗೋಕುಲ ರೋಡ್
ಮೂರು ದಿನಕ್ಕೆ ಅಂಡಮಾನ್ ಬೇಡವೇ ಬೇಡ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ). ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಬೆಂಗಳೂರಿನಿಂದ ವಿಮಾನ ಎರಡೂವರೆ ಗಂಟೆಯ ದಾರಿ ಅಷ್ಟೇ ನಿಜ. ಆದರೆ ವಿಮಾನ ನಿಲ್ದಾಣದಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೂರುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಚಂದದ ಬೀಚು ಇರುವುದು ಹ್ಯಾವ್‌ಲಾಕಿನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ. ಅಲ್ಲಿಗೆ ಮತ್ತೆ ಹಡಗು ಹತ್ತಬೇಕು. ಸಂಜೆ ಐದೂವರೆಗೆಲ್ಲ ಅಲ್ಲಿ ಕತ್ತಲು.

ಇನ್ನೊಂದು ಮಾತು. ಎರಡು ವರ್ಷ ತುಂಬಿದ ಮಗುವಿಗೆ ಬೇರೆ ಸೀಟು, ಬೇರೆ ಟಿಕೆಟ್. ಅಂದರೆ ನಿಮಗೆ ಐದು ಟಿಕೆಟ್. ಮೂವತ್ತು ಸಾವಿರದಲ್ಲಿ ಐದು ಜನ ಹೋಗಿ ಬರೋದು ಆಗದ ಮಾತು.

ಅಂಡಮಾನ್ ಹಟ
ಆ ಹಟ ಹಿಡಿದ ಯಜಮಾನ ನಾನೇ. ಇಲ್ಲಿ ಪಂಚಾಯ್ತಿ ಕೂತಿದೆ ಅಂತ ಈಗ ಗೊತ್ತಾಯಿತು. ಸಾಲಾಗಿ ಎರಡು ರಜೆ ಹಾಕಿದರೆ ಐದು ದಿನ ಆಗುತ್ತೆ ಅಂತ ನನ್ನ ಲೆಕ್ಕ.

ನವನಗರದ ಅಕ್ಕ
ರೀ, ಆ ಎರಡು ರಜೆ ದೀಪಾವಳಿಗೆ ಇಟ್ಟಿರೋದು.

ಕಡಲ ಮಗಳು ಹುಬ್ಬಳ್ಳಿ ಸೊಸೆ
ಅಕ್ಕಾ, ನನ್ನ ತವರು ಉಡುಪಿ ಕಡೆ. ವರ್ಷವೂ ಮಕ್ಕಳನ್ನು ಕರೆದುಕೊಂಡು ಆ ದಾರಿ ಓಡಾಡುತ್ತೇನೆ. ಕಾರಲ್ಲಿ ಹೋಗಿ ಮುಟ್ಟಬಹುದಾದ, ನಿಮ್ಮ ಮಗನ ಲೆಕ್ಕದ ದ್ವೀಪ ಅಂದರೆ ಮಲ್ಪೆಯ ಸೇಂಟ್ ಮೇರೀಸ್. ದಂಡೆಯಿಂದ ಸುಮಾರು ಆರು ಕಿ.ಮೀ. ತೆಂಗಿನ ಮರ ಇದೆ, ಸುತ್ತಲೂ ನೀರು ಇದೆ. ಮಲ್ಪೆ ಬಂದರಿನಿಂದ ದೊಡ್ಡ ಬೋಟು ಹೊರಡುತ್ತೆ, ಅರ್ಧ ಗಂಟೆಯ ಒಳಗೆ ದ್ವೀಪದ ಹತ್ತಿರ.

ಈಗ ಬೇಡದ ಮಾತು ಹೇಳುತ್ತೇನೆ. ಒಂದು, ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಸಂಜೆಗೆ ವಾಪಸ್. ಎರಡು, ದ್ವೀಪದ ಹತ್ತಿರ ನೀರು ಆಳ ಇಲ್ಲ. ನಾವು ಹೋದಾಗ ದೊಡ್ಡ ಬೋಟನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಚಿಕ್ಕ ದೋಣಿಗೆ ಇಳಿಸಿದರು. ಎರಡೂ ಅಲುಗಾಡುತ್ತಿರುತ್ತವೆ. ಇತ್ತ ಒಬ್ಬರು ಕೈ ಹಿಡಿದು ಬಿಡುತ್ತಾರೆ, ಅತ್ತ ಒಬ್ಬರು ಹಿಡಿದುಕೊಳ್ಳುತ್ತಾರೆ. ನಡುವೆ ಒಂದು ಕ್ಷಣ ನಿಮ್ಮ ಕಾಲೇ ನಿಮಗೆ ಆಧಾರ. ಮೊಣಕಾಲು ನೋವಿನವರಿಗೆ ಆ ಒಂದು ಹೆಜ್ಜೆ ಬಲು ಕಷ್ಟ. ಮೂರು, ದಂಡೆಯಲ್ಲಿ ಮೆತ್ತನೆ ಮರಳಿಗಿಂತ ಬಂಡೆ ಮತ್ತು ಚಿಪ್ಪು ಜಾಸ್ತಿ. ಬರಿಗಾಲಲ್ಲಿ ಮಕ್ಕಳನ್ನು ಬಿಟ್ಟರೆ ಕಾಲು ಕೊಯ್ಯುತ್ತೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ.

ಮಳೆಗಾಲದಲ್ಲಿ ಪೂರ್ತಿ ಬಂದ್. ದಸರಾ ಹೊತ್ತಿಗೆ ಸಾಮಾನ್ಯವಾಗಿ ಬೋಟು ಶುರುವಾಗಿರುತ್ತೆ. ಆದರೂ ಗಾಳಿ ಎದ್ದರೆ ಅವತ್ತಿನ ಮಟ್ಟಿಗೆ ನಿಲ್ಲಿಸಿಬಿಡುತ್ತಾರೆ.

ಕಲಘಟಗಿ ಕಾಕಾ
ಆ ದ್ವೀಪದಲ್ಲಿ ಕಂಬದ ಹಾಗೆ ಸಾಲಾಗಿ ನಿಂತ ಕಲ್ಲುಗಳಿವೆ ಅಲ್ವಾ? ವಾಸ್ಕೋ ಡ ಗಾಮ ಕಟ್ಟಿಸಿದ್ದು ಅಂತ ನಮ್ಮ ಡ್ರೈವರ್ ಹೇಳಿದ.

ಗದಗಿನ ಮಾಸ್ತರ
ಕಾಕಾ, ಗಾಮ ಮೊದಲು ಅಲ್ಲಿ ಇಳಿದು ಶಿಲುಬೆ ನೆಟ್ಟು ಹೆಸರಿಟ್ಟ ಅನ್ನೋ ಕಥೆ ಇದೆ, 1498ರದ್ದು. ಕಲ್ಲನ್ನು ಯಾರೂ ಕಟ್ಟಿಸಿಲ್ಲ. ಅದು ಜ್ವಾಲಾಮುಖಿಯ ಲಾವಾ. ಆರುವಾಗ ಕುಗ್ಗಿ, ಬಿರುಕು ಬಿಟ್ಟು, ಐದು ಮೂಲೆ, ಆರು ಮೂಲೆಯ ಕಂಬ ಆಗಿದೆ. ಮಡಗಾಸ್ಕರ್ ಮತ್ತು ನಮ್ಮ ನೆಲ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷದ ಹಿಂದಿನದು. ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಭೂವಿಜ್ಞಾನದವರನ್ನು ಕೇಳಿದರೆ ಅದು ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ದೇಶದ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇದೆ.

ಒಂದನೇ ಕ್ಲಾಸಿನ ಹುಡುಗನಿಗೆ ಇಷ್ಟೆಲ್ಲ ಬೇಡ. ಆರು ಮೂಲೆಯ ಕಲ್ಲು ಹುಡುಕು ಅಂತ ಬಿಡಿ. ಅರ್ಧ ಗಂಟೆ ನಿಮಗೆ ಬಿಡುವು.

ಮಿರ್ಚಿಭಜಿ
ಮಾಸ್ತರು ಬಂದರು, ಹೋಂವರ್ಕ್ ಬಂತು.

ಶಿಗ್ಗಾಂವಿ ಹುಡುಗ
ಯಾರೂ ಕಾರವಾರದ ಕೂರ್ಮಗಡ ಹೇಳಲೇ ಇಲ್ಲವಲ್ಲ. ಹುಬ್ಬಳ್ಳಿಯಿಂದ ಮಲ್ಪೆಗಿಂತ ಎಷ್ಟೋ ಹತ್ತಿರ. ಗುಡ್ಡದ ಮೇಲೆ ನರಸಿಂಹನ ಗುಡಿ, ಕೆಳಗೆ ಸಮುದ್ರ.

ಆದರೆ ನಾನು ಅದನ್ನು ಹೇಳುತ್ತಿರೋದು ಬೇರೆ ಕಾರಣಕ್ಕೆ. 2019ರ ಜನವರಿ 21ರಂದು ಅಲ್ಲಿನ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಬಹಳ ಜನ ನಮ್ಮ ಹಾವೇರಿ ಜಿಲ್ಲೆಯವರು. ಮಕ್ಕಳೂ ಇದ್ದರು. ನಮ್ಮ ಕಡೆಯವರು ಕೆರೆ ನೋಡಿದವರು, ಸಮುದ್ರ ನೋಡಿದವರಲ್ಲ. ದೋಣಿಯವನು ಹತ್ತಿ ಅಂದರೆ ಹತ್ತುತ್ತೇವೆ. ಎಷ್ಟು ಜನ ಹಿಡಿಯುತ್ತೆ ಅಂತ ಕೇಳೋದಿಲ್ಲ. ಅದಕ್ಕೇ ಅಕ್ಕಾವ್ರೆ, ಯಾವ ದ್ವೀಪಕ್ಕಾದರೂ ಹೋಗಿ. ಜನ ತುಂಬಿದ ದೋಣಿ ಹತ್ತಬೇಡಿ. ಮುಂದಿನದಕ್ಕೆ ಬರುತ್ತೇವೆ ಅಂತ ನಿಂತುಬಿಡಿ.

ರಾಣೆಬೆನ್ನೂರು ಎಕ್ಸ್‌ಪ್ರೆಸ್
ರಜೆಗೆ ಹೊರಟವರ ಹತ್ತಿರ ಇದೆಲ್ಲ ಯಾಕಪ್ಪಾ ಈಗ? ರಸ್ತೆಯಲ್ಲೂ ಅಪಘಾತ ಆಗುತ್ತೆ. ಹಾಗಂತ ಮನೆಯಲ್ಲೇ ಕೂರೋದಾ?

ಶಿಗ್ಗಾಂವಿ ಹುಡುಗ
ಮನೆಯಲ್ಲಿ ಕೂರಿ ಅಂತ ನಾನೆಲ್ಲಿ ಹೇಳಿದೆ? ಜಾಕೆಟ್ ಹಾಕಿಕೊಂಡು, ಲೆಕ್ಕ ಹಾಕಿ ಹತ್ತಿ ಅಂದೆ. ಓದಿ ನೋಡಿ.

ರಾಣೆಬೆನ್ನೂರು ಎಕ್ಸ್‌ಪ್ರೆಸ್
ಜಾಕೆಟ್ ಎಲ್ಲರೂ ಕೊಡುತ್ತಾರೆ ಈಗ.

ಕಡಲ ಮಗಳು ಹುಬ್ಬಳ್ಳಿ ಸೊಸೆ
ಕೊಡುತ್ತಾರೆ ಸರ್. ಯಾರ ಅಳತೆಯದು ಅನ್ನೋದು ಪ್ರಶ್ನೆ. ದೊಡ್ಡವರ ಲೈಫ್ ಜಾಕೆಟನ್ನು ಮಗುವಿಗೆ ತೊಡಿಸಿ, ಹಗ್ಗ ಎರಡು ಸುತ್ತು ಸುತ್ತಿ "ಸರಿಯಾಯ್ತು ಮೇಡಂ" ಅಂದುಬಿಡುತ್ತಾರೆ. ಆ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ.

ಅಕ್ಕಾ, ನೋಡುವುದು ಹೀಗೆ. ಜಾಕೆಟ್ ತೊಡಿಸಿ, ಬಕಲ್ ಹಾಕಿ. ಭುಜದ ಹತ್ತಿರ ಎರಡೂ ಕಡೆ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಕಿವಿಯ ತನಕ ಎದ್ದು ಬಂದರೆ, ಗದ್ದ ಒಳಗೆ ಹೋದರೆ, ಅದು ದೊಡ್ಡದು. ಮಕ್ಕಳ ಜಾಕೆಟ್ ಒಳಗಡೆ ಎಷ್ಟು ಕೆ.ಜಿ. ತೂಕದವರಿಗೆ ಅಂತ ಬರೆದಿರುತ್ತೆ. ಚಿಕ್ಕವರದಕ್ಕೆ ತೊಡೆಗಳ ನಡುವಿನಿಂದ ಬಂದು ಮುಂದೆ ಸಿಕ್ಕಿಸುವ ಪಟ್ಟಿ ಇರಬೇಕು. ಮೇಲೆ ಜಾರದಂತೆ ಹಿಡಿಯೋದು ಆ ಪಟ್ಟಿಯೇ. ದೋಣಿಯಲ್ಲಿ ಮಗಳ ಅಳತೆಯದು ಇಲ್ಲ ಅಂದರೆ ಮಗಳು ದೋಣಿ ಹತ್ತುವುದಿಲ್ಲ ಅಂತ ಮೊದಲೇ ಮನಸ್ಸು ಮಾಡಿಕೊಂಡು ಹೋಗಿ. ಅಲ್ಲಿ ನಿಂತು ಯೋಚನೆ ಮಾಡಿದರೆ ಹಿಂದಿನವರು ತಳ್ಳುತ್ತಾರೆ.

ಈಜುಕೊಳದಲ್ಲಿ ಊದಿ ಹಾಕುವ ಟ್ಯೂಬು, ತೋಳಿಗೆ ಹಾಕುವ ಬಲೂನು ಸಮುದ್ರಕ್ಕೆ ಆಗಲ್ಲ. ಗಾಳಿಗೆ ಅವು ಆಚೆಗೆ ಹೋಗುತ್ತವೆ.

ನವನಗರದ ಅಕ್ಕ
ಇದು ನನಗೆ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ರೀ. ಆನ್‌ಲೈನಲ್ಲಿ ಸಿಗುತ್ತಾ ಮಕ್ಕಳದ್ದು?

ಕಡಲ ಮಗಳು ಹುಬ್ಬಳ್ಳಿ ಸೊಸೆ
ಸಿಗುತ್ತೆ. ತೂಕ ನೋಡಿ ತಗೊಳ್ಳಿ, ವಯಸ್ಸು ನೋಡಿ ಅಲ್ಲ. ಮನೆಯಲ್ಲೇ ಒಂದು ಸಲ ಹಾಕಿ ನೋಡಿ. ಅಲ್ಲಿ ಹೋದಮೇಲೆ ಹಾಕಿದರೆ ಅಳುತ್ತಾರೆ. ಮನೆಯಲ್ಲಿ ಆಟ ಆಡಿದ್ದರೆ ಸುಮ್ಮನಿರುತ್ತಾರೆ.

ಧಾರವಾಡ ಮಳೆ
ನನ್ನ ಓಟು ಗೋವಾದ ದೀವಾಡ ದ್ವೀಪಕ್ಕೆ. ಕೇಳಿ. ಓಲ್ಡ್ ಗೋವಾದ ದಕ್ಕೆಯಿಂದ ಫೆರ್ರಿ. ಮಾಂಡವಿ ಹೊಳೆ ದಾಟೋದು ಅಷ್ಟೇ, ಕೆಲವೇ ನಿಮಿಷ. ಅಲೆ ಇಲ್ಲ, ವಾಂತಿ ಇಲ್ಲ. ನಡೆದು ಹತ್ತುವವರಿಗೆ ದುಡ್ಡಿಲ್ಲ. ಕಾರನ್ನೇ ಫೆರ್ರಿಗೆ ಹತ್ತಿಸಬಹುದು, ಅಂದರೆ ಅತ್ತೆಯವರು ಕಾರಿಂದ ಇಳಿಯುವುದೇ ಬೇಡ. ಜನ ಬಸ್ ಹತ್ತುವ ಹಾಗೆ ಕಾರು ಹಡಗು ಹತ್ತೋದನ್ನು ನೋಡಿ ನಮ್ಮ ಹುಡುಗರು ಕುಣಿದುಬಿಟ್ಟರು. ನಾಲ್ಕು ಸಲ ಆಚೆ ಈಚೆ ಓಡಾಡಿಸಿದರು.

ಆಚೆ ದಂಡೆಯಲ್ಲಿ ಗದ್ದೆ, ಹಳೇ ಮನೆಗಳು, ಗುಡ್ಡದ ಮೇಲೆ ಚರ್ಚು. ಜನರ ಗದ್ದಲ ಇಲ್ಲ. ಪಕ್ಕದ ಚೋಡಣ ದ್ವೀಪದಲ್ಲಿ ಸಲೀಂ ಅಲಿ ಪಕ್ಷಿಧಾಮ ಇದೆ.

ಗೋಕುಲ ರೋಡ್
ದೀವಾಡದಲ್ಲಿ ಬೀಚ್ ಇಲ್ಲ. ದ್ವೀಪ ಅಂದರೆ ಮರಳು ಅಂತ ಕಾಯುವ ಹುಡುಗನಿಗೆ ಗದ್ದೆ ತೋರಿಸಿದರೆ "ಇದು ಅಜ್ಜಿ ಊರು" ಅನ್ನುತ್ತಾನೆ.

ಧಾರವಾಡ ಮಳೆ
ಮರಳು ಬೇಕಾದರೆ ಗೋವಾದಲ್ಲಿ ಬೀಚಿಗೆ ಬರವೇ?

ಗೋಕುಲ ರೋಡ್
ದಸರಾಕ್ಕೆ ಗೋವಾದಲ್ಲಿ ರೂಮಿನ ರೇಟು ನೋಡಿದ್ದೀರಾ? ಹೋದ ವರ್ಷ ಒಂದು ಕಡೆ, ಹೆಸರು ಬೇಡ, "ಫ್ಯಾಮಿಲಿ ರೂಮ್" ಅಂತ ದುಡ್ಡು ತಗೊಂಡು ಒಂದು ಮಂಚ, ಒಂದು ಚಾಪೆ ಕೊಟ್ಟರು. ಮಗುವಿಗೆ ಹಾಲು ಬಿಸಿ ಮಾಡಿ ಕೊಡಿ ಅಂದರೆ ಅಡುಗೆಮನೆ ಬಂದ್ ಆಗಿದೆ ಅಂದರು, ರಾತ್ರಿ ಎಂಟಕ್ಕೆ.

ಔಷಧಿ ಅಂಗಡಿ
ಚಿಕ್ಕದೊಂದು ಇನ್‌ಡಕ್ಷನ್ ಒಲೆ, ಒಂದು ಪಾತ್ರೆ ಕಾರಲ್ಲಿ ಇಟ್ಟುಕೊಳ್ಳಿ. ಈ ಜಗಳವೇ ಇರಲ್ಲ.

ವಾಂತಿ ಮಾತ್ರೆ ಬಗ್ಗೆ ದಿನಾ ನನ್ನ ಅಂಗಡಿಯಲ್ಲಿ ಕೇಳುತ್ತಾರೆ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರು ಬಸ್ಸಿಗೆ ನುಂಗುವ ಪ್ರೊಮೆಥಜಿನ್ ಮಾತ್ರೆಯನ್ನು ಎರಡು ವರ್ಷದ ಒಳಗಿನ ಮಕ್ಕಳಿಗೆ ಕೊಡಲೇಬಾರದು. ಎರಡು ದಾಟಿದ್ದರೂ ಅರ್ಧ ಮುರಿದು ಕೊಡೋದು, ಕಾಲು ಮುರಿದು ಕೊಡೋದು ಮಾಡಬೇಡಿ. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ತೂಕಕ್ಕೆ ತಕ್ಕಂತೆ ಬರೆದುಕೊಡುತ್ತಾರೆ. ಓಆರ್‌ಎಸ್ ಪುಡಿ ಇರಲಿ. ಅಕ್ಟೋಬರಿನ ಕರಾವಳಿ ಬಿಸಿಲಿಗೆ ಮಕ್ಕಳು ಬೇಗ ಸೋಲುತ್ತಾರೆ. ಒಂದು ಪ್ಯಾಕೆಟ್ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟಕ್ಕೇ ಕಲಸಿ. ಸಿಹಿ ಆಗಲಿ ಅಂತ ನೀರು ಕಡಿಮೆ ಮಾಡಬೇಡಿ.

ಮಿರ್ಚಿಭಜಿ
ಅರೆಬೈಲ್ ಘಾಟಿನಲ್ಲಿ ವಾಂತಿ ಆಗದ ಹುಬ್ಬಳ್ಳಿ ಹುಡುಗ ಇನ್ನೂ ಹುಟ್ಟಿಲ್ಲ.

ಕಲಘಟಗಿ ಕಾಕಾ
ಘಾಟು ಇಳಿಯುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ. ಯಲ್ಲಾಪುರದಲ್ಲಿ ಒಂದು ಇಡ್ಲಿ ಸಾಕು. ಕೆಳಗೆ ಇಳಿದಮೇಲೆ ಊಟ. ಲಾರಿ ಜಾಸ್ತಿ ಇರುವ ದಾರಿ ಅದು, ಬೆಳಕು ಹರಿಯುವ ಮುಂಚೆ ಊರು ಬಿಡಿ. ಮಳೆ ಜೋರಿದ್ದರೆ ಹೊರಡಲೇಬೇಡಿ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದು ಎಲ್ಲರಿಗೂ ಗೊತ್ತು. ಅಂಕೋಲಾದಿಂದ ಕುಮಟಾಕ್ಕೆ ಹೋಗೋದು ಆ ದಾರಿಯಲ್ಲೇ. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು.

ರಾಣೆಬೆನ್ನೂರು ಎಕ್ಸ್‌ಪ್ರೆಸ್
ಹುಬ್ಬಳ್ಳಿ-ಅಂಕೋಲಾ ರೈಲು ಆಗಿದ್ದರೆ ಈ ಘಾಟಿನ ಗೋಳೇ ಇರುತ್ತಿರಲಿಲ್ಲ. 1990ರ ದಶಕದಲ್ಲಿ ಮಂಜೂರಾದ ಯೋಜನೆ. ಆಗ ಹುಟ್ಟಿದ ಮಕ್ಕಳಿಗೇ ಈಗ ಮಕ್ಕಳಾಗಿವೆ.

ಗದಗಿನ ಮಾಸ್ತರ
ರೈಲು ಬೇಡ ಅಂತ ಯಾರೂ ಹೇಳುತ್ತಿಲ್ಲ. ಅದು ಹೋಗಬೇಕಾದ್ದು ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ. ಶಿರೂರು ನೋಡಿದ ಮೇಲೂ ಗುಡ್ಡ ಕಡಿಯೋಣ ಅಂದರೆ ಹೇಗೆ?

ರಾಣೆಬೆನ್ನೂರು ಎಕ್ಸ್‌ಪ್ರೆಸ್
ಲಾರಿಗಳು ಅದೇ ಕಾಡಿನಲ್ಲಿ ಹೊಗೆ ಬಿಟ್ಟುಕೊಂಡು ಹೋದರೆ ಪರವಾಗಿಲ್ಲ, ರೈಲು ಹೋದರೆ ತಪ್ಪು ಅಲ್ವಾ?

ಮಿರ್ಚಿಭಜಿ
ನಮ್ಮ ಹತ್ತಿರ ಒಂದೂವರೆ ಕಿ.ಮೀ. ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿಗೇ ದೊಡ್ಡದು. ಅದರ ಮೇಲೆ ನಡೆದುಕೊಂಡು ಹೋದರೆ ಅಂಕೋಲಾ ಅಷ್ಟಾದರೂ ಹತ್ತಿರ ಆಗುತ್ತೆ.

ನವನಗರದ ಅಕ್ಕ
ಅಣ್ಣಂದಿರಾ, ರೈಲಿನ ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ. ನನ್ನ ಸೊಸೈಟಿಯಲ್ಲಿ ಒಬ್ಬರು ಲಕ್ಷದ್ವೀಪ ಅಂದರು. ಅದು ಹೇಗೆ?

ಗೋಕುಲ ರೋಡ್
36 ದ್ವೀಪ, ಜನ ಇರುವುದು ಹತ್ತರಲ್ಲಿ. ನೀರು ಕನ್ನಡಿಯಂತೆ, ನೋಡಲೇಬೇಕಾದ ಜಾಗ. ಆದರೆ ಮುಂಚೆಯೇ ಪರ್ಮಿಟ್ ಮಾಡಿಸಬೇಕು. ಕೊಚ್ಚಿಯಿಂದ ಹಡಗು 14ರಿಂದ 18 ಗಂಟೆ. ಇಲ್ಲವೇ ಅಗತ್ತಿಗೆ ಚಿಕ್ಕ ವಿಮಾನ. ಮಕ್ಕಳು ಎಂಟು-ಹತ್ತು ವರ್ಷ ಆದಮೇಲೆ ಹೋಗಿ. ಈಗ ಹೋದರೆ ಹಡಗಿನ ಶೌಚಾಲಯವೇ ನಿಮ್ಮ ಪ್ರವಾಸ.

ಹೊಸೂರು ಕ್ರಾಸ್
ಮುರುಡೇಶ್ವರದ ನೇತ್ರಾಣಿ? ಸ್ಕೂಬಾ ಮಾಡಿಸುತ್ತಾರಂತೆ.

ಕಡಲ ಮಗಳು ಹುಬ್ಬಳ್ಳಿ ಸೊಸೆ
ಅದು ದಂಡೆಯಿಂದ ಹತ್ತೊಂಬತ್ತು-ಇಪ್ಪತ್ತು ಕಿ.ಮೀ. ಒಳಗೆ. ಸ್ಕೂಬಾಕ್ಕೆ ಹತ್ತು ವರ್ಷ ಆಗಿರಬೇಕು. ನೀರಿಗೆ ಇಳಿಯದವರು ಬೋಟಿನಲ್ಲೇ ಕೂತು ತೂಗಾಡಬೇಕು. ಎರಡೂವರೆ ವರ್ಷದವಳನ್ನು ಎತ್ತಿಕೊಂಡು ಅಲ್ಲಿ ಕೂರೋದು ಶಿಕ್ಷೆ.

ನನ್ನ ಕೇಳಿದರೆ ಅಕ್ಕಾ, ಹೊನ್ನಾವರದಲ್ಲಿ ಉಳಿದುಕೊಳ್ಳಿ. ಎಲ್ಲರೂ ಅದನ್ನು ದಾಟಿ ಮುರುಡೇಶ್ವರಕ್ಕೆ ಓಡುತ್ತಾರೆ. ಅಲ್ಲೇ ಹತ್ತಿರದ ಕಾಸರಕೋಡು (ಕೇರಳದ ಕಾಸರಗೋಡು ಅಲ್ಲ) ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಪಡುಬಿದ್ರಿ ಜೊತೆಗೆ. ಬ್ಲೂ ಫ್ಲ್ಯಾಗ್ ಅಂದರೆ ನಮಗೆ ಬೇಕಾದ್ದು ಇಷ್ಟೇ: ಶೌಚಾಲಯ, ಮೈ ತೊಳೆಯಲು ಸಿಹಿನೀರು, ಬಟ್ಟೆ ಬದಲಿಸಲು ಜಾಗ, ನೋಡಿಕೊಳ್ಳಲು ಲೈಫ್‌ಗಾರ್ಡ್. ಮರಳಿನಲ್ಲಿ ಆಡಿದ ಹುಡುಗಿಯ ಡೈಪರ್ ಬದಲಿಸಲು ಜಾಗ ಇಲ್ಲದೆ ಕಾರಿನ ಬಾನೆಟ್ ಮೇಲೆ ಮಲಗಿಸಿದವರಿಗೆ ಅದರ ಬೆಲೆ ಗೊತ್ತು.

ಅಲ್ಲಿಂದ ಶರಾವತಿ ಹಿನ್ನೀರಿನ ದೋಣಿ. ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡಿದೆ. ನಡುವೆ ಚಿಕ್ಕ ಚಿಕ್ಕ ಕುದುರುಗಳು (ಹೊಳೆ ನಡುವಿನ ದಿಬ್ಬಗಳು), ತೆಂಗು, ಕಾಂಡ್ಲಾ ಗಿಡ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್). ಮಾವಿನಕುರ್ವೆ ಅಂತ ಜನ ಇರುವ ದ್ವೀಪವೇ ಇದೆ. ಕಾಂಡ್ಲಾ ಕಾಡಿನ ಒಳಗೆ ಹಲಗೆ ಹಾಸಿದ ಕಾಲುದಾರಿ ಮಾಡಿದ್ದಾರೆ. ನೀರು ಇಳಿದಾಗ ಹೋದರೆ ಕೆಸರಿನಲ್ಲಿ ಏಡಿ ಓಡಾಡೋದು ಕಾಣುತ್ತೆ. ನಮ್ಮ ಹುಡುಗ ಸಮುದ್ರಕ್ಕಿಂತ ಆ ಏಡಿಗಳ ಹತ್ತಿರ ಜಾಸ್ತಿ ಹೊತ್ತು ನಿಂತ. ಒಂದೊಂದು ಏಡಿಗೆ ಒಂದು ಕೈ ದಪ್ಪ, ಒಂದು ಕೈ ಸಣ್ಣ. ದಪ್ಪ ಕೈ ಎತ್ತಿ ಎತ್ತಿ ಕರೆಯುತ್ತಿರುತ್ತೆ.

ಅಂಡಮಾನ್ ಹಟ
ಹೊಳೆ ನಡುವಿನ ಕುದುರು ದ್ವೀಪ ಆಗುತ್ತಾ? ನಾಳೆ ಮಗ ಒಪ್ಪಲಿಲ್ಲ ಅಂದರೆ?

ಗದಗಿನ ಮಾಸ್ತರ
ಆಗುತ್ತೆ. ಶ್ರೀರಂಗಪಟ್ಟಣ ದ್ವೀಪ ಅಲ್ಲವೇ? ಕಾವೇರಿ ಅದನ್ನು ಸುತ್ತಿಕೊಂಡೇ ಹರಿಯುತ್ತೆ. ಪರೀಕ್ಷೆಯಲ್ಲಿ ಬರೆದರೆ ನಾನು ಮಾರ್ಕ್ಸ್ ಕೊಡುತ್ತೇನೆ.

ಹಾಗೇ ಒಂದು ಮಾತು. ರಜೆ ಚಳಿಗಾಲಕ್ಕೆ ಮುಂದೂಡುವುದಾದರೆ ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬನ್ನಿ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆ.

ಧಾರವಾಡ ಮಳೆ
ಮಾಸ್ತರೆ, ದ್ವೀಪ ಕೇಳಿದರೆ ಕೆರೆ ತೋರಿಸುವ ಎರಡನೇ ವ್ಯಕ್ತಿ ನೀವು.

ಹೊಸೂರು ಕ್ರಾಸ್
ಊಟದ್ದು ಏನು? ನಮ್ಮವ್ವ ಕರಾವಳಿಗೆ ಹೋದರೆ ಎಲ್ಲ ಹೋಟೆಲಿನಲ್ಲೂ ಮೀನಿನ ವಾಸನೆ ಅಂತ ಮೂರು ದಿನ ಬಾಳೆಹಣ್ಣಿನಲ್ಲೇ ಇರುತ್ತಾಳೆ.

ಶಿಗ್ಗಾಂವಿ ಹುಡುಗ
ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಚೂಡಾ ಕಟ್ಟಿಕೊಂಡು ಹೋಗಿ. ಕೆಡೋದೂ ಇಲ್ಲ, ಮುಗಿಯೋದೂ ಇಲ್ಲ.

ಕಡಲ ಮಗಳು ಹುಬ್ಬಳ್ಳಿ ಸೊಸೆ
ಕಡಕ್ ರೊಟ್ಟಿ ಸಮುದ್ರದ ಗಾಳಿಗೆ ಒಂದೇ ರಾತ್ರಿಗೆ ಮೆತ್ತಗಾಗುತ್ತೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಹೊನ್ನಾವರ, ಕುಮಟಾದಲ್ಲಿ ಸಸ್ಯಾಹಾರಿ ಊಟಕ್ಕೆ ತೊಂದರೆ ಇಲ್ಲ. ಅತ್ತೆಯವರಿಗೆ ತಂಬುಳಿ, ಅಪ್ಪೆಹುಳಿ ರುಚಿ ತೋರಿಸಿ, ಬಾಳೆಹಣ್ಣು ಮರೆತುಬಿಡುತ್ತಾರೆ. ಸೇಂಟ್ ಮೇರೀಸ್‌ಗೆ ಹೋದರೆ ಮಾತ್ರ ತಿಂಡಿ, ಪ್ಲಾಸ್ಟಿಕ್ ವಿಷಯದಲ್ಲಿ ಕಟ್ಟುನಿಟ್ಟು ಇದೆ. ಬ್ಯಾಗ್ ನೋಡುತ್ತಾರೆ. ಮಗುವಿನ ಆಹಾರ ಇದೆ ಅಂತ ಟಿಕೆಟ್ ತೆಗೆಯುವಾಗಲೇ ಹೇಳಿ.

ರಾಣೆಬೆನ್ನೂರು ಎಕ್ಸ್‌ಪ್ರೆಸ್
ಇಷ್ಟು ಭಯ ಬಿದ್ದು ಹೋಗುವ ಬದಲು ಪ್ಯಾಕೇಜ್ ಟೂರ್ ತಗೊಳ್ಳಿ. ಎಲ್ಲ ಅವರೇ ನೋಡಿಕೊಳ್ಳುತ್ತಾರೆ.

ಔಷಧಿ ಅಂಗಡಿ
ಪ್ಯಾಕೇಜಿನಲ್ಲಿ ಮಗು ಮಲಗುವ ಹೊತ್ತಿಗೆ ಗಾಡಿ ಹೊರಡುತ್ತೆ, ಹಸಿವಾದ ಹೊತ್ತಿಗೆ ದೇವಸ್ಥಾನದ ಸಾಲಿನಲ್ಲಿ ನಿಲ್ಲಿಸುತ್ತಾರೆ. ಚಿಕ್ಕ ಮಕ್ಕಳಿಗೆ ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಹತ್ತರ ಒಳಗೆ ನೀರಾಟ, ಬಿಸಿಲೇರಿದ ಮೇಲೆ ರೂಮಿನಲ್ಲಿ ನಿದ್ದೆ, ನಾಲ್ಕರ ಮೇಲೆ ಮತ್ತೆ ಮರಳು. ಇದಕ್ಕಿಂತ ಜಾಸ್ತಿ ತೋರಿಸಲು ಹೋದವರು ಜ್ವರದ ಔಷಧಿಗೆ ನನ್ನ ಅಂಗಡಿಗೇ ಬರುತ್ತಾರೆ. ವ್ಯಾಪಾರ ನನಗೇ, ಆದರೂ ಹೇಳುತ್ತಿದ್ದೇನೆ.

ಅಂಡಮಾನ್ ಹಟ
ಸರಿ, ಸೋತೆ. ಮನೆಯಲ್ಲಿ ಮೀಟಿಂಗ್ ಆಯಿತು. ಹೊನ್ನಾವರದಲ್ಲೇ ಉಳಿಯೋದು. ಕಾಸರಕೋಡು, ಹಿನ್ನೀರಿನ ದೋಣಿ, ಏಡಿ. ಗಾಳಿ ಇಲ್ಲದಿದ್ದರೆ ಒಂದು ದಿನ ನಾನು ಮತ್ತು ಮಗ ಇಬ್ಬರೇ ಮಲ್ಪೆಗೆ ಹೋಗಿ ದ್ವೀಪ ನೋಡಿ ಬರುತ್ತೇವೆ. ಅವ್ವ, ಇವಳು, ಸಣ್ಣವಳು ರೂಮಿನಲ್ಲಿ ಇರುತ್ತಾರೆ.

ನವನಗರದ ಅಕ್ಕ
ರೂಮಿನಲ್ಲಿ ಇರುತ್ತೇನೆ ಅಂತ ಯಾರು ಹೇಳಿದರು? ನಾನೂ ಮಗನೂ ಹೋಗುತ್ತೇವೆ. ನೀವು ಸಣ್ಣವಳನ್ನು ನೋಡಿಕೊಳ್ಳಿ. ಅತ್ತೆಯೂ ಹೂಂ ಅಂದಿದ್ದಾರೆ.

ಮಿರ್ಚಿಭಜಿ
ಪಂಚಾಯ್ತಿ ತೀರ್ಪು ಬಂತು.

ಗೋಕುಲ ರೋಡ್
ಹೊನ್ನಾವರದಿಂದ ಮಲ್ಪೆ ಹೋಗಿ ಬರೋದು ದೊಡ್ಡ ದಿನ ಆಗುತ್ತೆ, ಎರಡೂ ಕಡೆ ಸೇರಿ ಕಾರಲ್ಲೇ ಐದು ಗಂಟೆ ಹಿಡಿಯಿರಿ. ಮಧ್ಯದ ದಿನ ಇಟ್ಟುಕೊಳ್ಳಿ, ವಾಪಸ್ ಬರುವ ದಿನ ಬೇಡ. ಬೆಳಿಗ್ಗೆಯ ಬೋಟು ಸಿಕ್ಕರೆ ಬಿಸಿಲೂ ಕಡಿಮೆ, ಜನವೂ ಕಡಿಮೆ.

ಕಡಲ ಮಗಳು ಹುಬ್ಬಳ್ಳಿ ಸೊಸೆ
ಹೊರಡುವ ಮುಂಚೆ ಮಲ್ಪೆಗೆ ಫೋನ್ ಮಾಡಿ ಅವತ್ತು ಬೋಟು ಬಿಡುತ್ತಿದ್ದಾರಾ ಕೇಳಿ. ಬೋಟು ಇಲ್ಲ ಅಂದರೆ ಅಲ್ಲಿ ತನಕ ಹೋಗಲೇಬೇಡಿ, ಮಾವಿನಕುರ್ವೆ ಕಡೆ ಇನ್ನೊಂದು ಸುತ್ತು ಹೊಡೆಯಿರಿ. ರೂಮು ನೆಲಮಹಡಿಯದು ಕೇಳಿ, ಅತ್ತೆಯವರ ಮೊಣಕಾಲಿಗೆ. ಆಯುಧಪೂಜೆ ದಿನಕ್ಕೆ ಈಗಲೇ ಬುಕ್ ಮಾಡಿ, ಬೆಂಗಳೂರಿನವರು ಬೇಗ ಹಿಡಿದುಬಿಡುತ್ತಾರೆ.

ನವನಗರದ ಅಕ್ಕ
ಬುಕ್ ಆಯಿತು. ನೆಲಮಹಡಿಯೇ ಸಿಕ್ಕಿತು. ಜಾಕೆಟ್ ಕೂಡ ಆರ್ಡರ್ ಮಾಡಿದೆ, ತೂಕ ನೋಡಿಯೇ.

ಹೊಸೂರು ಕ್ರಾಸ್
ಅಕ್ಕಾ, ಆ ಜಾಕೆಟ್ ಯಾವ ಕಡೆಯಿಂದ ತರಿಸಿದಿರಿ, ಎಷ್ಟಾಯಿತು? ನಮ್ಮ ಮನೆಯಲ್ಲೂ ಈಗ ಸಮುದ್ರದ ಗಲಾಟೆ ಶುರುವಾಗಿದೆ.